ಹೊಸ ಕೋಚ್ ಬಂದ ವರ್ಷ

1/9

ಬೆಂಗಳೂರು ಬುಲ್ಸ್ ಬಗ್ಗೆ ಸ್ಟೋರಿ ಹಾಕಿದಾಗೆಲ್ಲ ನಮ್ಮ ಜೂನಿಯರ್ಸ್ ಮೆಸೇಜ್ ಮಾಡಿ ಕೇಳೋದು ಒಂದೇ ಮಾತು: "ಅಕ್ಕಾ, ಕೋಚ್ ಬದಲಾದ್ರ ಟೀಮ್ ಬದಲಾಗ್ತದೇನು?" ಎರಡು ಸಾಲಲ್ಲಿ ಹೇಳೋ ಉತ್ತರ ಅಲ್ಲ ಇದು. ಅದಕ್ಕೇ ಉದ್ದ ಬರೀತಿದೀನಿ. ಫೋಟೋಗಳು ಅಷ್ಟಕ್ಕಷ್ಟೇ. ಓದೋ ಮನಸ್ಸಿದ್ದೋರು ಮಾತ್ರ ಮುಂದಿನ ಪೋಸ್ಟ್‌ಗೆ ಬನ್ನಿ.

ನನ್ನ ಪರಿಚಯ ಇಲ್ಲದೋರಿಗೆ: ಊರು ಜಾಲಹಳ್ಳಿ, ದೇವದುರ್ಗ ತಾಲೂಕು. ಬಿಕಾಂ ನಾಲ್ಕನೇ ಸೆಮ್. ಕಾಲೇಜ್ ಹುಡುಗಿಯರ ಕಬಡ್ಡಿ ಟೀಮಲ್ಲಿ ರೈಟ್ ಕವರ್. ಕಾಲೇಜ್ ಹೆಸರು ಬರೆಯಲ್ಲ. ಇಲ್ಲಿರೋರಿಗೆ ಗೊತ್ತೇ ಇದೆ, ಹೊರಗಿನೋರಿಗೆ ಬೇಕಾಗೂ ಇಲ್ಲ. ಟೀಮ್‌ನೋರ ಹೆಸರೂ ಬರೆಯಲ್ಲ, ಯಾಕಂದ್ರೆ ಇದನ್ನ ಅವರ ಮನೆಯೋರೂ ಓದ್ತಾರೆ. ನಮ್ಮ ಚಿಕ್ಕಪ್ಪ ಅಂತೂ ಓದೇ ಓದ್ತಾರೆ, ಲೈಕ್ ಮಾತ್ರ ಒತ್ತಲ್ಲ.

2025ರಲ್ಲಿ ನಾನು ನೋಡ್ತಿದ್ದ ಎರಡು ಟೀಮ್‌ಗೆ ಹೊಸ ಕೋಚ್ ಬಂದ್ರು. ಒಂದು ಟಿವಿಯಲ್ಲಿ ನೋಡೋ ಬುಲ್ಸ್. ಇನ್ನೊಂದು ನಮ್ಮದು. ಎರಡೂ ಒಂದೇ ಅಂತ ಹೇಳಕ್ಕೆ ಹೊರಟಿಲ್ಲ, ಆನೆಗೂ ಆಡಿಗೂ ಹೋಲಿಕೆ ಏನು. ಆದ್ರೆ ಒಂದನ್ನ ನೋಡ್ತಾ ನೋಡ್ತಾ ಇನ್ನೊಂದು ನನಗೆ ಅರ್ಥ ಆಯ್ತು.

2/9

ಮೊದಲು ಬುಲ್ಸ್.

ಪ್ರೊ ಕಬಡ್ಡಿ ಶುರುವಾಗಿದ್ದು 2014ರಲ್ಲಿ. ಅವತ್ತಿಂದ ಹನ್ನೊಂದು ಸೀಸನ್ ಬುಲ್ಸ್‌ಗೆ ಒಬ್ಬರೇ ಹೆಡ್ ಕೋಚ್, ರಣಧೀರ್ ಸಿಂಗ್ ಸೆಹ್ರಾವತ್. ಆಟಗಾರರು ಬಂದ್ರು, ಹೋದ್ರು, ಹರಾಜಲ್ಲಿ ಕೈ ತಪ್ಪಿದ್ರು. ಬದಲಾಗದೆ ಉಳಿದಿದ್ದು ಆ ಒಂದು ಮುಖ. 2019 ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ಮೇಲೆ 38-33ರಿಂದ ಗೆದ್ದು ಬುಲ್ಸ್ ಕಪ್ ಎತ್ತಿದಾಗ ಕೋಚ್ ಅವರೇ. ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ನನಗಾಗ ಹದಿಮೂರು ವರ್ಷ. ನಮ್ಮ ಓಣಿಯಲ್ಲಿ ಒಂದೇ ಮನೇಲಿ ದೊಡ್ಡ ಟಿವಿ ಇತ್ತು, ಅವರ ಮನೆ ಬಾಗಿಲ ತನಕ ಚಪ್ಪಲಿ. ಮರುದಿನ ಬೆಳಿಗ್ಗೆ ಹುಡುಗರೆಲ್ಲ ಪವನ್, ಹುಡುಗಿಯರಲ್ಲೂ ಇಬ್ಬರು ಪವನ್.

ಅದೇ ಟೀಮ್ 2024ರ ಸೀಸನ್‌ನಲ್ಲಿ 22 ಮ್ಯಾಚ್ ಆಡಿ ಗೆದ್ದಿದ್ದು 2. ಹನ್ನೆರಡು ಟೀಮಲ್ಲಿ ಹನ್ನೆರಡನೇ ಜಾಗ. ಪ್ರದೀಪ್ ನರ್ವಾಲ್‌ನಂಥ ಪ್ರದೀಪ್ ನರ್ವಾಲ್ ಟೀಮಲ್ಲಿ ಇದ್ದೂ. ಕಮೆಂಟ್‌ಗಳಲ್ಲಿ ಜನ ರಣಧೀರ್ ಸರ್‌ಗೆ ಏನೇನಂದ್ರು ಅಂತ ಇಲ್ಲಿ ಬರೆಯಲ್ಲ. ಹನ್ನೊಂದು ವರ್ಷ ಒಂದೇ ಕಡೆ ದುಡಿದವರನ್ನ ಹನ್ನೊಂದು ಸೆಕೆಂಡ್‌ನಲ್ಲಿ ಕಳಿಸಿಬಿಡೋ ಬೆರಳು ನಮ್ಮವು.

3/9

ಅವರ ಜಾಗಕ್ಕೆ ಬಂದಿದ್ದು ಬಿ.ಸಿ. ರಮೇಶ್. ನಮ್ಮ ಕರ್ನಾಟಕದವರು, ಭಾರತಕ್ಕೆ ಆಡಿದವರು, 2001ರ ಅರ್ಜುನ ಪ್ರಶಸ್ತಿ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ತಂದುಕೊಟ್ಟರು. 2024 ಮಾರ್ಚ್ 1ರಂದು ಹೈದರಾಬಾದಲ್ಲಿ ಹರಿಯಾಣ ಸ್ಟೀಲರ್ಸ್ ಮೇಲೆ 28-25ರಿಂದ ಪುಣೇರಿ ಪಲ್ಟನ್ ಗೆದ್ದಾಗಲೂ ಕೋಚ್ ಅವರೇ. ಬುಲ್ಸ್ ಕಪ್ ಗೆದ್ದ ಸೀಸನ್‌ನಲ್ಲಿ ರಣಧೀರ್ ಸರ್ ಜೊತೆ ಕೋಚಿಂಗ್ ಬಳಗದಲ್ಲಿ ಇವರೂ ಇದ್ದರು. ಅಂದ್ರೆ ಪೂರ್ತಿ ಹೊಸಬರೂ ಅಲ್ಲ, ಹಳಬರೂ ಅಲ್ಲ.

ನಮ್ಮ ಹಾಸ್ಟೆಲ್ ಹುಡುಗಿಯರು "ಇನ್ನೇನ್, ಕಪ್ ನಮ್ದೇ" ಅಂದಿದ್ರು. 2025 ಆಗಸ್ಟ್ 29, ವಿಶಾಖಪಟ್ಟಣ, ಮೊದಲ ಮ್ಯಾಚ್. ಎದುರಿಗೆ ಯಾರು? ಅವರೇ ಬೆಳೆಸಿದ ಪುಣೆ. 32-32 ಸಮ ಆಗಿ ಟೈಬ್ರೇಕರ್‌ನಲ್ಲಿ ಸೋತ್ರು. ಎರಡನೇದೂ ಸೋತ್ರು. ಮೂರನೇದೂ. ಮತ್ತೆ ಅದೇ ಬೆರಳುಗಳು ಕೆಲಸ ಶುರು ಮಾಡಿದ್ವು.

ಆಮೇಲೆ ನಿಧಾನಕ್ಕೆ ಎತ್ತಿ ನಿಲ್ಲಿಸಿದ್ರು. ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಮೇನ್ ರೈಡರ್ ಆದ. ಹೆಸರು ಕೇಳಿದ್ರೇ ನಮ್ಮ ಉತ್ತರ ಕರ್ನಾಟಕ ನೆನಪಾಗೋ ಗಣೇಶ ಹನಮಂತಗೋಳಗೆ ಮ್ಯಾಟ್ ಮೇಲೆ ಅವಕಾಶ ಸಿಕ್ತು. ಲೀಗ್ ಮುಗಿದಾಗ ಬುಲ್ಸ್ 3ನೇ ಜಾಗದಲ್ಲಿತ್ತು. ಫೈನಲ್‌ಗೆ ಹೋಗಲಿಲ್ಲ, ಕಪ್ ಬರಲಿಲ್ಲ. ಆದ್ರೆ ಹನ್ನೆರಡರಿಂದ ಮೂರು.

ಇಲ್ಲಿ ಒಂದು ವಿಷಯ ಮರೀಬಾರದು. ಬುಲ್ಸ್‌ಗೆ ಹೊಸ ಕೋಚ್ ಜೊತೆ ಹರಾಜೂ ಇತ್ತು. ಬೇಡದೋರನ್ನ ಬಿಟ್ಟು, ಬೇಕಾದೋರನ್ನ ದುಡ್ಡು ಕೊಟ್ಟು ತರಬಹುದು. ಕಾಲೇಜ್ ಟೀಮ್‌ಗೆ ಯಾವ ಹರಾಜು? ಅಡ್ಮಿಷನ್ ಲಿಸ್ಟೇ ನಮ್ಮ ಹರಾಜು. ಕ್ಲಾಸಲ್ಲಿ ಯಾರು ಕೂತಿದ್ದಾರೋ ಅವರೇ ಟೀಮ್. ಅದರಲ್ಲೂ ಮನೆಯಲ್ಲಿ ಯಾರನ್ನ ಕಳಿಸ್ತಾರೋ ಅವರು.

4/9

ಈಗ ನಮ್ಮದು.

ನಮ್ಮ ಹಳೇ ಸರ್ ಜುಲೈ ಕೊನೆಗೆ ರಿಟೈರ್ ಆದ್ರು. ಶಾಲು, ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ. ಸರ್ ಭಾಷಣ ಎರಡೇ ನಿಮಿಷ. ಆಮೇಲೆ ಕಚೇರಿಯಲ್ಲಿ ಕೂತು ಚಾರ್ಜ್ ಕೊಟ್ರು. ನಾನೂ ಕ್ಯಾಪ್ಟನ್ನೂ ಅಲ್ಲೇ ಇದ್ವಿ, ಸಾಮಾನು ಎಣಿಸಿ ಕೊಡೋಕೆ. ವಾಲಿಬಾಲ್, ನೆಟ್, ಶಾಟ್‌ಪುಟ್ ಗುಂಡು, ಡಿಸ್ಕಸ್, ಎರಡು ಕೇರಂ ಬೋರ್ಡ್, ಅದರಲ್ಲೊಂದಕ್ಕೆ ಕಾಲಿಲ್ಲ. ಕಬಡ್ಡಿಗೆ ಸಾಮಾನೇ ಬೇಕಿಲ್ವಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿ ಕಬಡ್ಡಿ ಹೆಸರಲ್ಲಿ ಇದ್ದಿದ್ದು ಹದಿನಾಲ್ಕು ಜೆರ್ಸಿ ಮಾತ್ರ. ಸರ್ ಸಹಿ ಮಾಡಿದ್ರು.

ನಮ್ಮ ಅಂಕಣ ಕಾಲೇಜ್ ಹಿಂದಿನ ಮಣ್ಣಿನದು. ಹುಡುಗಿಯರಿಗೆ 12 ಮೀಟರ್ ಉದ್ದ, 8 ಮೀಟರ್ ಅಗಲ. ವರ್ಷಾನುಗಟ್ಟಲೆ ಸರ್ ತಾವೇ ಕಲ್ಲು ಆರಿಸಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದಿದ್ದರು. ಅವರ ಆಟ ಪೂರ್ತಿ ಕಾಯೋ ಆಟ. ರೈಡರ್ ತಾನಾಗಿ ತಪ್ಪು ಮಾಡೋ ತನಕ ಸುಮ್ಮನಿರು, ಕಾಲು ಒಳಗೆ ಬಂತೋ, ಕಾರ್ನರ್ ಹಿಡಿ, ಉಳಿದೋರು ಬೀಳಿ. ಅಷ್ಟೇ. ಲೆಫ್ಟ್ ಕಾರ್ನರ್ ನಮ್ಮ ಟೀಮಿನ ಜೀವ.

ಆಗಸ್ಟ್‌ನಲ್ಲಿ ಮೇಡಂ ಬಂದ್ರು. ಬೇರೆ ಜಿಲ್ಲೆಯವರು, ಅತಿಥಿ ಹುದ್ದೆ, ಎಂಪಿಎಡ್ ಮುಗಿಸಿದವರು, ತಾವೂ ಯೂನಿವರ್ಸಿಟಿ ಬ್ಲೂ. ಮೊದಲ ನಾಲ್ಕು ದಿನ ಒಂದು ಮಾತೂ ಆಡ್ಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತು ನೋಟ್‌ಬುಕ್‌ನಲ್ಲಿ ಬರ್ಕೊಂಡ್ರು. ನಮ್ಮ ಕ್ಯಾಪ್ಟನ್ "ಇವ್ರೇನ್ ಇನ್‌ಸ್ಪೆಕ್ಷನ್‌ಗೆ ಬಂದಾರೇನು" ಅಂದ್ಲು. ಐದನೇ ದಿನ ಎದ್ದು ನಿಂತು ಇಡೀ ಟೀಮ್ ತಿರುಗಿಸಿ ಹಾಕಿದ್ರು. ಕ್ಯಾಪ್ಟನ್ ರೈಡ್ ಬಿಟ್ಟು ಕವರ್‌ಗೆ ಬಂದ್ಲು. ಫಸ್ಟ್ ಇಯರ್ ಹುಡುಗಿ ಒಬ್ಬಳು ಮೊದಲ ರೈಡರ್ ಆದ್ಲು. ಫೈನಲ್ ಇಯರ್ ಅನ್ನೋ ಕಾರಣಕ್ಕೆ ಏಳರಲ್ಲಿ ಇದ್ದ ಇಬ್ಬರು ಹೊರಗೆ ಕೂತ್ರು.

ಇದರ ಬಗ್ಗೆ ನನಗೆ ತಕರಾರಿಲ್ಲ. ಎದುರಿಗೆ ಆರು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತೆ ಅಂತ ಗೊತ್ತಿದ್ರೂ ನಾವು ಅದನ್ನ ಲೆಕ್ಕ ಹಾಕಿ ಆಡಿರಲಿಲ್ಲ. ಮೇಡಂ ಲೆಕ್ಕ ಹಾಕಿಸಿದ್ರು. ಮ್ಯಾಚ್ ಶುರುವಿನಲ್ಲಿ ಏಳೂ ಜನ ನಿಂತಿರುವಾಗಲೇ ಬೋನಸ್ ಗೆರೆ ದಾಟಿ ಬಾ, ಒಬ್ಬರನ್ನೂ ಮುಟ್ಟೋದು ಬೇಡ. ನಾವು ಮೂರೇ ಜನ ಉಳಿದಾಗ ಹೆದರಬೇಡಿ, ಆಗ ಹಿಡಿದ್ರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಹೆಚ್ಚು. ಕಾಮರ್ಸ್‌ನೋರಿಗೆ ಇಂಥ ಲೆಕ್ಕ ಬೇಗ ಹತ್ತುತ್ತೆ.

ತಕರಾರು ಶುರುವಾಗಿದ್ದು ಟೈಮಿಂದ.

5/9

ಸೆಕೆಂಡ್ ಪಿಯುಸಿ ಅಕೌಂಟೆನ್ಸಿ ಮಾಡಿದ್ದೋರಿಗೆ ಪಾರ್ಟ್‌ನರ್ ರಿಟೈರ್‌ಮೆಂಟ್ ಲೆಕ್ಕ ನೆನಪಿರಬೇಕು. ಹಳೇ ಪಾಲುದಾರ ಹೊರಗೆ ಹೋಗುವಾಗ ಆಸ್ತಿ, ಸಾಲ ಎಲ್ಲ ಹೊಸದಾಗಿ ಬೆಲೆ ಕಟ್ಟಬೇಕು. ಅದರ ಜೊತೆ ಗುಡ್‌ವಿಲ್. ಅಂಗಡಿಯ ಹೆಸರಿಗೆ, ಗಿರಾಕಿಗಳ ನಂಬಿಕೆಗೆ ಒಂದು ಬೆಲೆ. ಆದ್ರೆ ತಾನಾಗಿ ಬೆಳೆದ ಗುಡ್‌ವಿಲ್‌ನ ಪುಸ್ತಕದಲ್ಲಿ ಆಸ್ತಿ ಅಂತ ತೋರಿಸೋ ಹಂಗಿಲ್ಲ, ದುಡ್ಡು ಕೊಟ್ಟು ಕೊಂಡಿದ್ರೆ ಮಾತ್ರ ತೋರಿಸಬಹುದು. ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಹೇಳೋದು ಇದೇ. ಇದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಕಬಡ್ಡಿ ಅಂಕಣದಲ್ಲಿ.

ನಮ್ಮ ಸರ್ ಗುಡ್‌ವಿಲ್ ಯಾವ ರಿಜಿಸ್ಟರ್‌ನಲ್ಲೂ ಇರಲಿಲ್ಲ.

ನಮ್ಮ ಟೀಮಿನ ಒಬ್ಬೊಬ್ಬ ಹುಡುಗಿಯ ಮನೆಗೂ ಸರ್ ಸ್ಕೂಟರ್ ಮೇಲೆ ಹೋಗಿದ್ದಾರೆ. ನಮ್ಮ ಮನೆಗೂ ಬಂದಿದ್ರು. ಅವ್ವ ಚಹಾ ಕೊಟ್ಟಳು, ಅಪ್ಪ ಮಾತೇ ಆಡ್ಲಿಲ್ಲ. ಸರ್ ಆಟದ ಸುದ್ದಿ ತೆಗೀಲೇ ಇಲ್ಲ. ಈ ಸಲ ಕಾಲುವೆ ನೀರು ಯಾವಾಗ ಬಿಟ್ಟರು, ಮೆಣಸಿನಕಾಯಿಗೆ ರೋಗ ಬಂತಾ ಅಂತ ಕೇಳಿದ್ರು. ಏಳುವಾಗ ಒಂದೇ ಮಾತು: "ಮಗಳು ಬಸ್ ಹತ್ತಿದ ಮ್ಯಾಲೇ ನಾ ಮನಿಗೆ ಹೋಗೋದ್ರೀ." ಆ ಮಾತು ನಡೆಸಿದ್ರು ಕೂಡ. ಬಸ್ ಸ್ಟ್ಯಾಂಡಲ್ಲಿ ಕೊನೇ ಹುಡುಗಿ ಹತ್ತೋ ತನಕ ಕಡ್ಲೆಕಾಯಿ ತಿಂತಾ ನಿಂತಿರೋರು.

ಅದರ ಜೊತೆ ಸರ್ ಪ್ರಾಕ್ಟೀಸ್‌ನ ಎರಡೂವರೆಯಿಂದ ನಾಲ್ಕರ ತನಕ ಇಟ್ಟಿದ್ರು. ಕೊನೇ ಪೀರಿಯಡ್‌ನ ಲೆಕ್ಚರರ್‌ಗಳ ಹತ್ರ ಹೋಗಿ, ನಗಿಸಿ, ಅಟೆಂಡೆನ್ಸ್ ಹಾಕಿಸೋರು. ನಿಯಮದ ಪ್ರಕಾರ ಅದು ಸರಿಯಲ್ಲ, ಒಪ್ತೀನಿ. ಮೇಡಂ ಬಂದಾಗ ಕ್ಲಾಸ್ ತಪ್ಪಿಸೋ ಹಂಗಿಲ್ಲ ಅಂತ ಮೇಲಿಂದ ಹೇಳಿದ್ರು. ಪ್ರಾಕ್ಟೀಸ್ ನಾಲ್ಕರಿಂದ ಐದೂಮುಕ್ಕಾಲಿಗೆ ಹೋಯ್ತು.

6/9

2023 ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಆಧಾರ್ ತೋರಿಸು, ಸೊನ್ನೆ ಟಿಕೆಟ್ ತಗೋ. ಆದ್ರೆ ಟಿಕೆಟ್ ಪುಕ್ಕಟೆ ಆದ್ರೆ ಬಸ್ ಬರುತ್ತೆ ಅಂತೇನಿಲ್ಲ. ಜಾಲಹಳ್ಳಿ ದೊಡ್ಡ ಊರು, ಮೇನ್ ರೋಡ್, ತಿಂಥಣಿ ಬ್ರಿಡ್ಜ್ ಕಡೆ ಹೋಗೋ ಬಸ್ಸೂ ನಿಲ್ತಾವೆ, ನನಗೆ ಕತ್ತಲಾದ್ರೂ ದಾರಿ ಇದೆ. ಲೆಫ್ಟ್ ಕಾರ್ನರ್ ಊರು ಮೇನ್ ರೋಡಿಂದ ಒಳಗೆ. ಆ ಊರಿಗೆ ಸಂಜೆ ಒಂದೇ ಬಸ್, ಐದಕ್ಕೆ. ಅದು ತಪ್ಪಿದ್ರೆ ಕ್ರಾಸಿಗೆ ಇಳಿದು ಹೊಲದ ದಾರಿ ನಡೀಬೇಕು.

ಮೇಡಂ ನಿಯಮ ಏನಂದ್ರೆ ಮೂರು ಸಲ ಆಬ್ಸೆಂಟ್ ಆದ್ರೆ ಏಳರಿಂದ ಹೊರಗೆ. ಹತ್ತು ದಿನದಲ್ಲಿ ಲೆಫ್ಟ್ ಕಾರ್ನರ್ ಹೊರಗೆ.

ನಾನೂ ಕ್ಯಾಪ್ಟನ್ನೂ ಹೋಗಿ ಹೇಳಿದ್ವಿ: "ಮೇಡಂ, ಆಕಿ ಬರಂಗಿಲ್ಲ ಅಂತಲ್ಲ, ಬರಾಕ ಆಗವಲ್ದು."

ಮೇಡಂ ಅಂದಿದ್ದು: "ಆಡೋ ಆಸೆ ಇದ್ದೋರು ದಾರಿ ಹುಡುಕ್ಕೋತಾರಮ್ಮ."

ಈ ಮಾತು ಎಷ್ಟು ಸಲ ಕೇಳಿಲ್ಲ ನಾವು? ರೀಲ್ಸ್‌ನಲ್ಲಿ ಹಿಂದೆ ಮ್ಯೂಸಿಕ್ ಹಾಕಿ ಹೇಳ್ತಾರೆ. ಕೇಳೋಕೆ ಚಂದ. ಐದು ಗಂಟೆ ಬಸ್ ಬಿಟ್ಟು ಹೋದ ಊರಲ್ಲಿ ನಿಂತು ಕೇಳಿದ್ರೆ ಅಷ್ಟು ಚಂದ ಇರಲ್ಲ. ಆಕೆ ಆಸೆ ಎಷ್ಟು ಅಂತ ನಮಗೆ ಗೊತ್ತು. ಮೊಣಕಾಲು ಸಿಪ್ಪೆ ಹಾರಿ ರಕ್ತ ಸೋರ್ತಿದ್ರೂ ರೈಡರ್ ಪಾದ ಬಿಡದೇ ಇದ್ದೋಳು. ಕೊರತೆ ಆಸೆಯದಲ್ಲ, ಇನ್ನೊಂದು ಬಸ್ಸಿನದು.

ಸೆಪ್ಟೆಂಬರ್‌ನಲ್ಲಿ ಪಕ್ಕದ ತಾಲೂಕಿನ ಟೀಮ್‌ಗಳ ಜೊತೆ ಮೂರು ಫ್ರೆಂಡ್ಲಿ ಮ್ಯಾಚ್ ಆಡಿದ್ವಿ. ಮೂರೂ ಸೋತ್ವಿ. ಬುಲ್ಸ್ ಮೂರು ಸೋತ ಅದೇ ತಿಂಗಳು. ನಮ್ಮ ಗ್ರೂಪಲ್ಲಿ ಮೀಮ್ ಕೂಡ ಬಂತು, ಯಾರು ಮಾಡಿದ್ದು ಅಂತ ನನಗೆ ಗೊತ್ತು, ಹೇಳಲ್ಲ. ಬೋನಸ್ ಬಂತು, ಸೂಪರ್ ಟ್ಯಾಕಲ್ ಕೂಡ ಒಂದು ಬಂತು. ಆದ್ರೆ ಎದುರಿನ ಯಾವ ರೈಡರ್ ಬಂದ್ರೂ ನೇರ ನಮ್ಮ ಎಡಗಡೆ. ಅಲ್ಲಿ ಬಾಗಿಲೇ ಇರಲಿಲ್ಲ.

ಮೂರನೇ ಮ್ಯಾಚ್ ಆದ ಮೇಲೆ ಮೇಡಂ ಎಲ್ಲರನ್ನೂ ಕೂರಿಸಿದ್ರು. ಬೈತಾರೆ ಅಂದ್ಕೊಂಡ್ವಿ. ನೋಟ್‌ಬುಕ್‌ನ ಕೊನೇ ಪುಟ ತೆಗೆದು "ಒಬ್ಬೊಬ್ಬರೇ ನಿಮ್ಮ ಊರು, ಬಸ್ ಟೈಮ್ ಹೇಳಿ. ಬೆಳಿಗ್ಗೆದು, ಸಂಜೇದು ಎರಡೂ" ಅಂದ್ರು. ಹದಿನಾಲ್ಕು ಜನರದೂ ಬರ್ಕೊಂಡ್ರು. ಮರುವಾರ ಪ್ರಾಕ್ಟೀಸ್ ಬೆಳಿಗ್ಗೆ ಏಳೂವರೆಗೆ ಬಂತು. ಹದಿನಾಲ್ಕರಲ್ಲಿ ಹದಿಮೂರು ಜನಕ್ಕೆ ಅದು ಹೊಂದಿಕೊಂಡಿತು.

7/9

ಹದಿನಾಲ್ಕನೇಯವಳಿಗೆ ಹೊಂದಲಿಲ್ಲ. ಅಷ್ಟೊತ್ತಿಗೆ ಹತ್ತಿ ಬಿಡಿಸೋ ಸುಗ್ಗಿ ಹತ್ತಿರ ಬಂದಿತ್ತು. ನಮ್ಮ ಕಡೆ ಆ ಸೀಸನ್‌ನಲ್ಲಿ ಕ್ಲಾಸ್‌ಗಳೇ ಅರ್ಧ ಖಾಲಿ. ಬಿಸಿಲೇರೋ ಮುಂಚೆ ಹೊಲಕ್ಕೆ ಇಳೀಬೇಕು, ಕೆಜಿ ಲೆಕ್ಕದ ಕೂಲಿ, ಮನೆಯ ಹುಡುಗಿ ಬಂದ್ರೆ ಒಂದು ಆಳು ಉಳೀತು. ಬೆಳಿಗ್ಗೆ ಏಳೂವರೆ ಅಂದ್ರೆ ಸರಿಯಾಗಿ ಹತ್ತಿ ಟೈಮ್.

ಮೇಡಂ ಹಳೇ ಸರ್‌ಗೆ ಫೋನ್ ಮಾಡಿದ್ರು. ನಮ್ಮೆದುರಿಗೇ, ಸ್ಪೀಕರ್ ಹಾಕಿ. "ಸರ್, ಅವರ ತಂದೆಗೆ ನೀವೊಂದು ಮಾತು ಹೇಳಿದ್ರೆ ಕಳಿಸ್ತಾರಂತೆ." ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ನಾ ಹೇಳಿದ್ರ ಕಳಸ್ತಾನ್ರೀ. ಆದ್ರ ಮತ್ತ ನನ್ನ ಮಾತಿನ ಮ್ಯಾಲೇ ಕಳಸಿದಂಗ ಆತು. ನಾ ಎಷ್ಟು ವರ್ಷ ಫೋನ್ ಮಾಡ್ಲಿ? ನೀವ ಹೋಗ್ರಿ."

ನನಗೆ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ. ಒಂದು ಫೋನಿನ ಕೆಲಸ. ಟೂರ್ನಮೆಂಟ್ ಡಿಸೆಂಬರ್‌ನಲ್ಲಿ. ಸರ್ ತತ್ವಕ್ಕೆ ನಮ್ಮ ಎಡಗಡೆ ಖಾಲಿ. ಆದ್ರೆ ಮೇಡಂ ಎದುರು ಮಾತಾಡ್ಲಿಲ್ಲ. "ಸರಿ ಸರ್" ಅಂದು ಫೋನ್ ಇಟ್ಟು, ಭಾನುವಾರ ಬಸ್ ಎಷ್ಟಕ್ಕೆ ಅಂತ ನನ್ನ ಕೇಳಿದ್ರು.

ಹೋದ್ವಿ, ನಾನು, ಕ್ಯಾಪ್ಟನ್, ಮೇಡಂ. ಅಪ್ಪ ಹೊಲದಲ್ಲಿದ್ರು. ಮೇಡಂ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೊಲಕ್ಕೇ ಬಂದ್ರು. ಮಾತು ನಮ್ಮ ಕಡೆಯದಲ್ಲ, ಅವರ ಕನ್ನಡ ಬೇರೆ, ಅಪ್ಪಗೆ ಅರ್ಧ ನಾನೇ ತಿರುಗಿಸಿ ಹೇಳಬೇಕಾಯ್ತು, ಕನ್ನಡದಿಂದ ಕನ್ನಡಕ್ಕೆ. ಅಪ್ಪ ಮೊದಲು ಕೇಳಿದ್ದೇ "ಸರ್ ಯಾಕ ಬಂದಿಲ್ಲ?" ಆಮೇಲೆ ಅಂದ್ರು, "ಸರ್ ಇದ್ರ ಕಣ್ಣು ಮುಚ್ಚಿ ಕಳಸ್ತಿದ್ದೆ ನೋಡವ್ವಾ. ನೀವು ಇಂದ ಬಂದೀರಿ, ನಾಳೆ ಎಲ್ಲಿರ್ತೀರೋ."

ಮೇಡಂ ಆಟದಿಂದ ಏನೇನು ಲಾಭ ಅಂತ ಭಾಷಣ ಮಾಡ್ಲಿಲ್ಲ. ಸ್ಪೋರ್ಟ್ಸ್ ಕೋಟಾ, ಸರ್ಟಿಫಿಕೇಟ್ ಅಂತ ಆಸೆ ತೋರಿಸಲಿಲ್ಲ. "ಹತ್ತಿ ಎಲ್ಲಿತನಕ ಇರುತ್ತೆ?" ಅಂತ ಕೇಳಿದ್ರು. ಸಂಕ್ರಾಂತಿ ತನಕ. "ಸಂಕ್ರಾಂತಿ ಆದ ಮೇಲೆ ಬೆಳಿಗ್ಗೆ ಬಸ್ಸಿಗೆ ಕಳಿಸ್ತೀರಾ? ವಾಪಸ್ ಬಸ್ ನಾನು ಹತ್ತಿಸ್ತೀನಿ." ಅಪ್ಪ "ನೋಡೂಣ್ರಿ" ಅಂದ್ರು. ನಮ್ಮ ಕಡೆ "ನೋಡೂಣ್ರಿ" ಅಂದ್ರೆ ನೂರಕ್ಕೆ ತೊಂಬತ್ತು ಸಲ ಇಲ್ಲ ಅಂತಲೇ.

ವಾಪಸ್ ಬರುವಾಗ ಮೇಡಂ ಬಸ್‌ನಲ್ಲಿ ಲಿಸ್ಟ್ ತೆಗೆದು ಲೆಫ್ಟ್ ಕಾರ್ನರ್ ಹೆಸರ ಮುಂದಿದ್ದ ಆಬ್ಸೆಂಟ್‌ಗಳನ್ನ ಹೊಡೆದು "ಹತ್ತಿ" ಅಂತ ಬರೆದ್ರು.

8/9

ನವೆಂಬರ್ 24ಕ್ಕೆ ಢಾಕಾದಲ್ಲಿ ಮಹಿಳಾ ವಿಶ್ವಕಪ್ ಫೈನಲ್ ಇತ್ತು. ಭಾರತ ಚೈನೀಸ್ ತೈಪೆ ಮೇಲೆ 35-28ರಿಂದ ಗೆದ್ದಿತು. ಕರಾವಳಿಯ ಧನಲಕ್ಷ್ಮಿ ಪೂಜಾರಿ ಆ ಟೀಮಲ್ಲಿದ್ರು ಅಂತ ನೀವೆಲ್ಲ ಶೇರ್ ಮಾಡಿದ್ರಿ. ಕೋಚ್ ಯಾರು ಅಂತ ಎಷ್ಟು ಜನ ನೋಡಿದ್ರಿ? ವಿ. ತೇಜಸ್ವಿನಿ ಬಾಯಿ, ನಮ್ಮ ಕರ್ನಾಟಕದವರು. ಏಷ್ಯನ್ ಗೇಮ್ಸ್‌ಗೆ ಗಂಡಸರ ಕಬಡ್ಡಿ ಬಂದಿದ್ದು 1990ರಲ್ಲಿ, ಹೆಂಗಸರದು ಬರೋಕೆ 2010 ಆಗಬೇಕಾಯ್ತು. ಆ ಮೊದಲ ಚಿನ್ನದ ಟೀಮಲ್ಲಿ ತೇಜಸ್ವಿನಿ ಬಾಯಿ ಇದ್ರು. 2011ರಲ್ಲಿ ಅರ್ಜುನ, 2014ರ ಇಂಚಿಯೋನ್ ಚಿನ್ನಕ್ಕೆ ಅವರೇ ನಾಯಕಿ. ಕಾರ್ಕಳ ಕಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಟೀಮಿನ ಕ್ಯಾಪ್ಟನ್. ಈ ಹೆಸರುಗಳು ನಮಗೆ ಪವನ್ ಹೆಸರಿನಷ್ಟು ಬಾಯಿಗೆ ಬರಲ್ಲ ಅನ್ನೋದು ಬೇರೆ ಮಾತು.

ಮೇಡಂ ಆ ಫೈನಲ್‌ನ ಫೋನಲ್ಲಿ ನಮಗೆಲ್ಲ ತೋರಿಸಿದ್ರು. ಒಂದು ಫೋನಿಗೆ ಹದಿಮೂರು ತಲೆ.

ಹೆಣ್ಣುಮಗಳು ಕೋಚ್ ಆಗಿ ಬಂದದ್ದರಿಂದ ಬದಲಾಗಿದ್ದು ಒಂದನ್ನ ಇಲ್ಲೇ ಹೇಳ್ತೀನಿ, ಚಿಕ್ಕಪ್ಪ ಓದಿದ್ರೂ ಪರವಾಗಿಲ್ಲ. ಸರ್ ಕಾಲದಲ್ಲಿ ಪಿರಿಯಡ್ಸ್ ಆದ್ರೆ "ಸರ್, ಹೊಟ್ಟಿನೋವು" ಅಂತಿದ್ವಿ. ಸರ್ ಮುಖ ಬೇರೆ ಕಡೆ ಮಾಡಿ "ಕುಂದ್ರು, ಕುಂದ್ರು" ಅನ್ನೋರು. ಒಳ್ಳೇ ಮನುಷ್ಯ, ಆದ್ರೆ ಅಷ್ಟೇ. ಕುಂತೋರು ಕುಂತೇ ಇರ್ತಿದ್ವಿ, ತಿಂಗಳಿಗೆ ನಾಲ್ಕು ದಿನ ಆಟ ಇಲ್ಲ. ಮೇಡಂ ನೇರ ಕೇಳ್ತಾರೆ. ನೋವಿದ್ರೆ ಕೂರು, ನೋವಿಲ್ಲಾಂದ್ರೆ ಯಾಕೆ ಕೂತಿದೀಯ. ಪ್ಯಾಡ್ ಅವರ ಬ್ಯಾಗಲ್ಲಿ ಇರುತ್ತೆ. ಹದಿನಾಲ್ಕು ಜನರ ಟೀಮಿಗೆ ಇದು ಬೋನಸ್ ಲೆಕ್ಕಕ್ಕಿಂತ ದೊಡ್ಡ ಲೆಕ್ಕ.

ಡಿಸೆಂಬರ್ ಟೂರ್ನಮೆಂಟ್ ಬಗ್ಗೆ ಚಿಕ್ಕದಾಗಿ. ಮೊದಲ ಮ್ಯಾಚ್ ಗೆದ್ವಿ. ಎರಡನೇದು 24-27ರಲ್ಲಿ ಸೋತ್ವಿ. ಹದಿನೈದು ಹದಿನೈದು ನಿಮಿಷದ ಎರಡು ಅರ್ಧ, ಎರಡನೇ ಅರ್ಧದಲ್ಲಿ ಎಡಗಡೆಯಿಂದಲೇ ಆಲೌಟ್ ಆದ್ವಿ, ಅಲ್ಲೇ ಎರಡು ಪಾಯಿಂಟ್ ಹೆಚ್ಚಿಗೆ ಹೋದ್ವು. ಕಾರ್ನರ್‌ನಲ್ಲಿ ನಿಂತಿದ್ದ ಫಸ್ಟ್ ಇಯರ್ ಹುಡುಗಿ ತುಂಬಾ ಅತ್ತಳು. ಅವಳದೇನೂ ತಪ್ಪಿಲ್ಲ, ಎರಡು ತಿಂಗಳಲ್ಲಿ ಯಾರೂ ಕಾರ್ನರ್ ಆಗಲ್ಲ. ಹಳೇ ಸರ್ ರಾಯಚೂರಿಂದ ಬಂದು ಬೇವಿನ ಮರದ ಕೆಳಗೆ ಕೂತು ನೋಡಿದ್ರು. ಮ್ಯಾಚ್ ಮಧ್ಯೆ ಒಂದು ಸಲ ಏಳೋ ಹಂಗೆ ಮಾಡಿ ಮತ್ತೆ ಕೂತ್ರು. ಮುಗಿದ ಮೇಲೆ ಎಲ್ಲರಿಗೂ ಒಗ್ಗರಣಿ, ಮಿರ್ಚಿ ತಿನ್ನಿಸಿದ್ರು. ಮೇಡಂಗೆ ಆಟದ ಬಗ್ಗೆ ಒಂದು ಮಾತೂ ಹೇಳಲಿಲ್ಲ. "ಹೊಲಕ್ಕ ಹೋಗಿದ್ರಂತಲ್ಲ" ಅಂತಷ್ಟೇ ಅಂದ್ರು.

9/9

ಸಂಕ್ರಾಂತಿ ಆಗಿ ಎರಡನೇ ಸೋಮವಾರ ಬೆಳಿಗ್ಗೆ ಬಸ್ಸಿಂದ ಲೆಫ್ಟ್ ಕಾರ್ನರ್ ಇಳಿದಳು. ಕೈ ಪೂರ್ತಿ ಹತ್ತಿಕಾಯಿ ಸಿಪ್ಪೆ ಚುಚ್ಚಿದ ಗೆರೆ. ಹಿಂದೇನೇ ಅಪ್ಪನೂ ಇಳಿದ್ರು. ಅಂಕಣದ ತನಕ ಬಂದ್ರು, ಗೋಡೆಗೆ ಒರಗಿ ಅರ್ಧ ಗಂಟೆ ನೋಡಿದ್ರು. ಮೇಡಂ ಕುರ್ಚಿ ಕೊಟ್ರೆ ಕೂರಲಿಲ್ಲ. ಹೋಗುವಾಗ ಮೇಡಂ ನಂಬರ್ ಕೇಳಿ ತಮ್ಮ ಫೋನಲ್ಲಿ ಹಾಕಿಸ್ಕೊಂಡ್ರು. ಹೆಸರು ಏನಂತ ಹಾಕಲಿ ಅಂತ ನಾನು ಕೇಳಿದೆ. "ಹೊಸಾ ಸರ್ ಅಂತ ಹಾಕು" ಅಂದ್ರು.

ಟೂರ್ನಮೆಂಟ್ ಮುಗಿದು ಹೋಗಿದೆ, ಈ ವರ್ಷ ಆಡೋಕೆ ದೊಡ್ಡದೇನೂ ಇಲ್ಲ. ಆದ್ರೂ ಆಕೆ ಬರ್ತಿದ್ದಾಳೆ. ಫಸ್ಟ್ ಇಯರ್ ಹುಡುಗಿಗೆ ಪಾದ ಹಿಡಿಯೋದು ಹೆಂಗೆ ಅಂತ ಈಗ ಅವಳೇ ಕಲಿಸೋದು.

ಮೇಡಂದು ಅತಿಥಿ ಹುದ್ದೆ ಅಂತ ಹೇಳಿದ್ನಲ್ಲ. ಈ ಶೈಕ್ಷಣಿಕ ವರ್ಷ ಮುಗಿದ್ರೆ ಅದೂ ಮುಗೀತು. ಮತ್ತೆ ಇವರೇ ಬರ್ತಾರೋ, ಬೇರೆ ಯಾರೋ, ಅಪ್ಪ ಹೊಲದಲ್ಲಿ ಕೇಳಿದ್ದು ಸರಿಯಾಗೇ ಇತ್ತು. ಬುಲ್ಸ್‌ಗೆ ಹನ್ನೊಂದು ಸೀಸನ್ ಒಬ್ಬ ಕೋಚ್ ಸಿಕ್ಕಿದ್ರು. ನಮಗೆ ಒಬ್ಬರು ಹನ್ನೊಂದು ತಿಂಗಳು ಸಿಕ್ಕಿದ್ರೆ ದೊಡ್ಡದು.

ಹೋದ ವಾರ ಸ್ಟೋರ್ ರೂಮಲ್ಲಿ ಜೆರ್ಸಿ ಎಣಿಸೋಕೆ ಸ್ಟಾಕ್ ರಿಜಿಸ್ಟರ್ ತೆಗೆದೆ. ಕೇರಂ ಬೋರ್ಡ್, ಗುಂಡು, ಡಿಸ್ಕಸ್ ಎಲ್ಲ ಆದ ಮೇಲೆ ಕೊನೇ ಎರಡು ಪುಟದಲ್ಲಿ ಮೇಡಂ ಅಕ್ಷರ. ಹದಿನಾಲ್ಕು ಹುಡುಗಿಯರ ಊರು, ಬೆಳಿಗ್ಗೆ ಬಸ್, ಸಂಜೆ ಬಸ್, ಮನೆಯಲ್ಲಿ ಯಾರ ಹತ್ರ ಮಾತಾಡಬೇಕು, ಯಾವ ತಿಂಗಳು ಹತ್ತಿ, ಯಾವ ತಿಂಗಳು ಮೆಣಸಿನಕಾಯಿ. ನನ್ನ ಹೆಸರ ಮುಂದೆ "ತಂದೆ ಮಾತಾಡಲ್ಲ, ತಾಯಿ ಹತ್ರ ಹೇಳಿ" ಅಂತ ಇದೆ. ಅದರ ಫೋಟೋ ಹಾಕಲ್ಲ, ಕೇಳಬೇಡಿ.

ಪ್ರಾಕ್ಟೀಸ್ ಸೋಮವಾರದಿಂದ ಶನಿವಾರ, ಬೆಳಿಗ್ಗೆ ಏಳೂವರೆಗೆ. ಫಸ್ಟ್ ಇಯರ್‌ನೋರು ಬರೋದಿದ್ರೆ ಮೆಸೇಜ್ ಮಾಡಿ, ನಿಮ್ಮ ಊರಿನ ಬಸ್ ಟೈಮ್ ಸಮೇತ.

#ಕಬಡ್ಡಿ #ಜಾಲಹಳ್ಳಿ #ದೇವದುರ್ಗ #ರಾಯಚೂರು #ನಮ್ಮಟೀಮ್